ಮಾಯೆರೆ ಅತ್ತೆಯ ಬಬಾಯಿ ಹೊಂಡ

ನನ್ನ ಸೋದರತ್ತೆ ಮಾಯೆರೆಯ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕೆಂದು ರಾಜಧಾನಿ ತರಾವಾದ ಡಾಕ್ಟರು ಹೇಳಿ ಕಳಿಸಿದ್ದರು. ಅವಳನ್ನು ಅಲ್ಲಿಗೆ ಒಯ್ಯುವ ಹಡಗು ಶುಕ್ರವಾರ ಬರುವುದಿತ್ತು. ಬುಧವಾರ, ಸಕ್ಕರೆ ಕಾಯಿಲೆಯ ಬಗ್ಗೆ ಬುದ್ಧಿ ಹೇಳಲು ಸರ್ಕಾರದ ಕಡೆಯಿಂದ ಇಯೋವಾನೆ ಎಂಬವನು ಬಂದ.

ಅತ್ತೆಗೆ ಹದಿನಾರು ವರ್ಷವಾದಾಗ ಅವಳ ತಾಯಿ ಬಬಾಯಿ ಹೊಂಡವನ್ನು ಒಪ್ಪಿಸಿದ್ದಳು. ಮರಳಿನ ಕೆಳಗೆ ಸಿಹಿನೀರು ಸಿಗುವವರೆಗೆ ಅಗೆದ ಹೊಂಡ. ಅದರ ಕೆಸರಿನಲ್ಲಿ ಕೆಸುವಿನ ಜಾತಿಯ ಬಬಾಯಿ ಗೆಡ್ಡೆ ವರ್ಷಗಟ್ಟಲೆ ಬೆಳೆಯಬೇಕು. ಗೆಡ್ಡೆಗೆ ಹಾಕುವ ಸೊಪ್ಪಿನ ಗೊಬ್ಬರದ ಗುಟ್ಟು ಒಂದೊಂದು ಮನೆಗೆ ಒಂದೊಂದು. ಅದನ್ನು ಕಿವಿಯಲ್ಲಿ ಮಾತ್ರ ಹೇಳುವುದು. ಅನ್ಯರ ಹೊಂಡದೊಳಗೆ ಇಣುಕುವವನಿಗೆ ಊರಲ್ಲಿ ಮರ್ಯಾದೆಯಿಲ್ಲ. ಅತ್ತೆಗೆ ಮಕ್ಕಳಿಲ್ಲ, ಹಾಗಾಗಿ ಗುಟ್ಟು ನನಗೇ ಬರಬೇಕಿತ್ತು. ಇಪ್ಪತ್ತು ವರ್ಷ ಅವಳ ಹಿಂದೆ ಸೊಪ್ಪು ಹೊತ್ತೆ. ಕೇಳಿದಾಗೆಲ್ಲ ನಗುತ್ತಿದ್ದಳು: "ಸಾಯೋ ಮೊದ್ಲು ಹೇಳ್ತೀನಿ ಕಣೇ. ಈಗ್ಲೇ ನನ್ನ ಕಳಿಸ್ಬೇಡ."

ಮೊದಲ ಸಲ ಸಮುದ್ರ ದಿಬ್ಬ ಹತ್ತಿ ಹೊಂಡಕ್ಕೆ ನುಗ್ಗಿದಾಗ ಅತ್ತೆ ಒಂದು ತಿಂಗಳು ಬಕೆಟ್ಟಿನಲ್ಲಿ ಉಪ್ಪುನೀರು ಎತ್ತಿ ಚೆಲ್ಲಿದಳು. ಹೊಸ ಸಸಿ ನೆಟ್ಟಳು. ಅವು ಚಿಗುರಿದ ಮೇಲೆ ಸಮುದ್ರ ಮತ್ತೆ ಬಂತು. ಗೆಡ್ಡೆ ಕೊಳೆತು ಗಂಜಿಯಾಯಿತು. ಬಾವಿಯೂ ಉಪ್ಪಾಯಿತು. ಆಮೇಲೆ ಹಡಗಿನ ಅಕ್ಕಿ, ಡಬ್ಬಿಯ ಮಾಂಸವೇ ಗತಿ. ಆ ನೀರಿನ ಚಹಾ ಗಂಟಲಲ್ಲಿ ಇಳಿಯಬೇಕಾದರೆ ನಾಲ್ಕು ಚಮಚ ಸಕ್ಕರೆ ಬೇಕು. ಅತ್ತೆಗೆ ಸಕ್ಕರೆ ಕಾಯಿಲೆ ಬಂದದ್ದು ಹಾಗೆ. ಮೂರನೆಯ ಸಲ ಸಮುದ್ರ ನುಗ್ಗಿ, ಹೊಂಡದ ಉಪ್ಪುನೀರು ಬಳಿಯುವಾಗ ಹವಳದ ಚೂರು ಅಂಗಾಲಿಗೆ ಹೊಕ್ಕಿತು. ಆ ಗಾಯ ಮಾಯಲೇ ಇಲ್ಲ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಸುಳ್ಳು! ನಮ್ಮ ಇಡೀ ದ್ವೀಪದಲ್ಲಿರುವುದು ಒಂದು ಲಾರಿ, ಏಳು ಬೈಕು. ಜಗತ್ತಿಗೆಲ್ಲ ಹೊಗೆ ಕವಿಸಿ ಸಮುದ್ರ ಉಕ್ಕಿಸಿದವರು ಎಲ್ಲೋ ತಣ್ಣಗೆ ಕೂತಿದ್ದಾರೆ, ಉಣ್ಣುವವಳು ನನ್ನ ಅತ್ತೆ.

ಇಯೋವಾನೆ ಸಭಾಮನೆಯ ಕಂಬಕ್ಕೆ ಒಂದು ಚಿತ್ರ ಅಂಟಿಸಿದ. ತಟ್ಟೆ ತುಂಬ ದಪ್ಪನೆಯ ಬಬಾಯಿ.

"ಅಕ್ಕಿ ಬಿಡಿ, ಸಕ್ಕರೆ ಬಿಡಿ. ಹಿರಿಯರು ತಿಂದಿದ್ದನ್ನ ತಿನ್ನಿ. ಸ್ವಲ್ಪ ಸೋಮಾರಿತನ ಬಿಟ್ರೆ ಯಾರೂ ಕಾಲು ಕಳ್ಕೊಳ್ಳಲ್ಲ" ಎಂದ.

ಸಭಾಮನೆಯಲ್ಲಿ ಹೆಂಗಸರು ಹಿಂದೆ ಕೂತು ಕೇಳಬೇಕೇ ಹೊರತು ಮಾತಾಡುವಂತಿಲ್ಲ. ಅತ್ತೆ ನನ್ನ ಹೆಗಲು ಹಿಡಿದು ಎದ್ದಳು. ನಾನು ಎರಡೂ ಕೈಯಲ್ಲಿ ಅವಳನ್ನು ತಬ್ಬಿ ನಿಲ್ಲಿಸಿದೆ.

"ಏನಪ್ಪಾ, ಸೋಮಾರಿ ಅಂದ್ಯಾ? ಬಬಾಯಿ ತಿನ್ನು ಅಂತೀಯಲ್ಲ, ಬೆಳೆಯೋದು ಹೇಗೆ ಅಂತಾನೂ ಬರ್ಕೋ. ಮೊದ್ಲು ದೀವಿಹಲಸಿನ ಮರದ ಉದುರಿದ ಎಲೆ, ಮೂರು ದಿನ ನೆರಳಲ್ಲಿ ಒಣಗಿಸು..."

"ಮಾಯೆರೆ! ಬಾಯ್ಮುಚ್ಚು! ಅದು ನಿಮ್ಮನೆ ಸೊತ್ತು!" ಊರ ಹಿರಿಯರೊಬ್ಬರು ಕೂಗಿದರು.

"ಸೊತ್ತು ಉಪ್ಪಲ್ಲಿ ಕೊಳೀತಾ ಬಿದ್ದಿದೆ ಕಣಣ್ಣಾ. ಇನ್ಯಾರಿಗೆ ಅಂತ ಬಚ್ಚಿಡ್ಲಿ?"

ಎಷ್ಟು ಹಿಡಿ ಕಪ್ಪು ಮಣ್ಣು, ಯಾವ ಹೂವಿನ ಸೊಪ್ಪು, ಚಂದ್ರ ಎಷ್ಟು ಬೆಳೆದಾಗ ಹಾಕಬೇಕು, ಎಲ್ಲವನ್ನೂ ಅರಚಿ ಹೇಳಿದಳು. ಗಂಡಸರು, ಹೆಂಗಸರು ಕಿವಿ ಮುಚ್ಚಿಕೊಂಡು ತಲೆ ತಗ್ಗಿಸಿದರು. ನಾನೂ ಮುಚ್ಚಿಕೊಳ್ಳುತ್ತಿದ್ದೆ, ಆದರೆ ಕೈ ಬಿಟ್ಟರೆ ಅತ್ತೆ ಬೀಳುತ್ತಿದ್ದಳು. ಇಯೋವಾನೆಯೊಬ್ಬನೇ ಬಾಯಿ ತೆರೆದು ನೋಡುತ್ತಿದ್ದ.

"ಇನ್ನೊಂದು ಉಳಿದಿದೆ" ಎಂದಳು. "ಇದಕ್ಕೆಲ್ಲ ಸಿಹಿನೀರು ಬೇಕು. ಅದನ್ನ ನೀನು ತಗೊಂಬಾ."

ಶುಕ್ರವಾರ ಅವಳನ್ನು ಬೆನ್ನ ಮೇಲೆ ಹೊತ್ತು, ಹಡಗಿಗೆ ಮುಟ್ಟಿಸುವ ದೋಣಿಗೆ ಏರಿಸಿದೆ. ಸಿಟ್ಟು ತಡೆಯದೆ ಕೇಳಿಯೇಬಿಟ್ಟೆ: "ಸಾಯೋ ಮೊದ್ಲು ನನಗೊಬ್ಬಳಿಗೇ ಹೇಳ್ತೀನಿ ಅಂದಿದ್ದೆ ಅಲ್ವಾ ಅತ್ತೆ?"

"ಅಂದಿದ್ದೆ. ನನಗಿಂತ ಮೊದ್ಲು ಹೊಂಡಾನೇ ಸತ್ತೋಯ್ತಲ್ಲೇ" ಎಂದಳು.

ಸೋಮವಾರ ಕಾಲು ತೆಗೆದರು. ಅವಳು ಹೇಳಿದ್ದರಲ್ಲಿ ಒಂದಕ್ಷರವನ್ನೂ ನಾನು ಮರೆತಿಲ್ಲ. ಇಯೋವಾನೆಯ ಚಿತ್ರ ಕಂಬದ ಮೇಲೆ ಇನ್ನೂ ಇದೆ. ನಮ್ಮೂರಲ್ಲಿ ಈಗ ಉಳಿದಿರುವ ಬಬಾಯಿ ಅದೊಂದೇ.