ಮೂಲೆಯಡಿಯ ಒಂದು ಹಿಡಿ ಮರಳು

ಬೆಳಗಿನ ಐದೂಮುಕ್ಕಾಲು. ಕಣ್ಣಾಸ್ಪತ್ರೆಯ ದೊಡ್ಡ ಹಾಲ್‌ನಲ್ಲಿ ಕುರ್ಚಿಗಳೆಲ್ಲ ಖಾಲಿ. ಕಲ್ಲಕ್ಕ ದೀಪದ ಸ್ವಿಚ್ ಒತ್ತಿ, ಎಂಟಡಿ ಉದ್ದದ ಮೀನಿನ ತೊಟ್ಟಿಯತ್ತ ತಿರುಗಿದವರು ಇದ್ದಲ್ಲೇ ನಿಲ್ಲುತ್ತಾರೆ. ಕೈಯಲ್ಲಿರುವ ಬಕೆಟ್ಟನ್ನು ಕೆಳಗಿಡುವುದೂ ತೋಚುವುದಿಲ್ಲ. ನಿನ್ನೆ ಸಂಜೆ ನಿಲ್ಲಿಸಿ ಹೋಗಿದ್ದ ಮೂವತ್ತೈದು ಕಿಲೋ ತೂಕದ ಕರಿಗಲ್ಲು ಮುಂದಕ್ಕೆ ಮಗುಚಿಕೊಂಡಿದೆ. ಅದರಡಿಯಿಂದ ಒಂದು ಬಾಲ ಹೊರಗೆ ಚಾಚಿದೆ. ಅಲ್ಲಾಡುತ್ತಿಲ್ಲ.

ಹಿಂದೆಯೇ ಪೈಪಿನ ಸುರುಳಿ ಹೊತ್ತು ಬಂದ ನಾದಿನಿ ಗಾಜಿಗೆ ಮೂಗು ಒತ್ತಿ ನೋಡುತ್ತಾರೆ. "ಅತ್ತಿಗೆ, ಕಿವಿರು ಆಡ್ತಿದೆ! ನಿಂತ್ಕೊಂಡ್ರೆ ಹೆಂಗೆ, ಕೈ ಹಾಕಿ!"

ಇಬ್ಬರೂ ಸ್ಟೂಲ್ ಹತ್ತಿ, ಭುಜದವರೆಗೆ ನೀರಿಗೆ ಕೈ ಇಳಿಸಿ ಕಲ್ಲನ್ನು ಎತ್ತುತ್ತಾರೆ. ಎರಡಡಿಗೂ ಮಿಕ್ಕಿದ ಮೀಸೆಮೀನು, ಕ್ಯಾಟ್‌ಫಿಶ್, ಒಮ್ಮೆಲೇ ಕೊಸರಿಕೊಳ್ಳುತ್ತದೆ. ರೆಕ್ಕೆಯ ಮುಳ್ಳು ಕಲ್ಲಕ್ಕನ ಅಂಗೈಗೆ ನೆಟ್ಟು, ರಕ್ತ ನೀರಿನಲ್ಲಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಮೀನಿನ ಒಂದು ಮೀಸೆ ಬುಡದಿಂದಲೇ ಹೋಗಿದೆ, ಬೆನ್ನಿನ ಚರ್ಮ ಸುಲಿದಿದೆ. ತಾನೇ ತೋಡಿಕೊಂಡ ಗುಂಡಿಯೊಳಗೆ ಮಲಗಿದ್ದರಿಂದ ಜೀವ ಉಳಿದಿದೆ.

ಆಮೇಲೆ ಕಲ್ಲಕ್ಕನ ಕಣ್ಣಿಗೆ ಬೀಳುವುದು ಮುಂದಿನ ಗಾಜು. ಕಲ್ಲಿನ ನೆತ್ತಿ ಬಡಿದ ಜಾಗದಲ್ಲಿ ಗೇಣುದ್ದ ಬಿರುಕು. ಅದರ ಹಿಂದೆ ಸಾವಿರದ ಇನ್ನೂರು ಲೀಟರ್ ನೀರು. ಎಂಟು ಗಂಟೆಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರು ಬಂದು ಕೂರುವ ಬೆಂಚು ಇರುವುದು ಈ ಗಾಜಿಗೆ ಬೆನ್ನು ತಾಗುವಂತೆ. ಕಲ್ಲಕ್ಕನ ಮುಖ ಸುಣ್ಣ ಬಳಿದ ಗೋಡೆಯಾಗುತ್ತದೆ. "ಬೆಂಚು ಎಳಿ ಮೊದ್ಲು," ಎನ್ನುತ್ತಾ ತಾವೇ ಅದರ ಒಂದು ತುದಿ ಹಿಡಿಯುತ್ತಾರೆ.

ಮೀನನ್ನು ಒದ್ದೆ ಟವೆಲ್‌ನಲ್ಲಿ ಸುತ್ತಿ ಆಸ್ಪತ್ರೆಯ ಹಿಂಬದಿಯ ನೀರಿನ ಡ್ರಮ್ಮಿಗೆ ಬಿಟ್ಟು, ಬಿರುಕಿಗೆ ಟೇಪ್ ಹಚ್ಚಿ, ಎರಡು ಪೈಪಿನಲ್ಲಿ ನೀರು ಹರಿಯಬಿಡುತ್ತಾರೆ. ತೊಟ್ಟಿ ಬರಿದಾಗುವಾಗ ಏಳೂಕಾಲು. ಅಷ್ಟು ಹೊತ್ತೂ ಕಲ್ಲಕ್ಕ ಗಾಜಿನಿಂದ ಅಂಗೈ ತೆಗೆಯುವುದಿಲ್ಲ. ಗಾಜು ಒಡೆದರೆ ಆ ಕೈಯಿಂದ ಏನೂ ಆಗದೆಂದು ಅವರಿಗೂ ಗೊತ್ತು.

ಐವತ್ತೊಂದು ವರ್ಷದ ಈಕೆ ಇಪ್ಪತ್ತೆರಡು ವರ್ಷ ಮನೆಗಳ ನೆಲಕ್ಕೆ ಕಲ್ಲು ಹಾಸಿದವರು. ಮಂಡಿ ಸವೆದು ಕುಕ್ಕರಗಾಲಲ್ಲಿ ಕೂರಲಾಗದೇ ಹೋದಾಗ, ಅಲಂಕಾರದ ಮೀನಿನ ಅಂಗಡಿಯೊಂದು ತೊಟ್ಟಿಗಳಲ್ಲಿ ಭಾರದ ಕಲ್ಲು ಕೂರಿಸಲು ಕರೆಯಿತು. ಅದಾಗಿ ಹನ್ನೊಂದು ವರ್ಷ. ಈಗ ಊರಿನ ಏಳು ದೊಡ್ಡ ತೊಟ್ಟಿಗಳು ಇವರ ಕೈಯಲ್ಲಿವೆ. ಏಳರಲ್ಲೂ ಇರುವುದು ರಾತ್ರಿಯೆಲ್ಲ ತಳ ಅಗೆಯುವ ದೈತ್ಯ ಮೀಸೆಮೀನುಗಳು. ತೊಟ್ಟಿಯೊಳಗೆ ತೋಟ ಮಾಡುವ ಬೇರೆ ಕೆಲಸಗಾರರು ಇವುಗಳ ಸಹವಾಸಕ್ಕೆ ಬರುವುದಿಲ್ಲ.

"ಗಿಡ ನೆಟ್ರೆ ಬೆಳಿಗ್ಗೆ ತೇಲ್ತಿರತ್ತೆ. ಗುಂಡುಕಲ್ಲು ಸಾಲಾಗಿಟ್ರೆ ಬೆಳಿಗ್ಗೆ ಒಂದೇ ಮೂಲೇಲಿ ಗುಡ್ಡೆ," ಎನ್ನುತ್ತಾರೆ ಕಲ್ಲಕ್ಕ.

"ಥೇಟ್ ನಮ್ಮಪ್ಪ," ನಾದಿನಿ ಸೇರಿಸುತ್ತಾರೆ. "ಯಾರು ಏನ್ ಜೋಡಿಸಿಟ್ರೂ ಎದ್ದು ಬಂದು ಜಾಗ ಬದಲಾಯಿಸ್ದೆ ನಿದ್ದೆ ಹತ್ತಲ್ಲ. ಅತ್ತಿಗೆಗೆ ಮೀನು ಹೊಸದಲ್ಲ, ಮನೇಲಿ ಒಂದು ಮಾವ, ಇಲ್ಲಿ ಏಳು ಮಾವ."

ಕೆಲಸಕ್ಕೊಂದು ಕ್ರಮವಿದೆ. ತೊಟ್ಟಿ ಒಣಗಿರುವಾಗಲೇ ತಳಕ್ಕೆ ತೆಳು ರಬ್ಬರ್ ಹಾಸು. ಅದರ ಮೇಲೆ ನೇರವಾಗಿ ಕಲ್ಲು. ಮರಳು ಸುರಿಯುವುದು ಕಟ್ಟಕಡೆಗೆ, ಅದೂ ಮೀಸೆ ಗೀಚದ ನಯವಾದ ಮರಳು. ಮೀನು ಅಡಗಲು ಕಲ್ಲುಗಳ ನಡುವೆ ಒಂದು ಗವಿ, ಇಕ್ಕಟ್ಟಿನಲ್ಲಿ ತಿರುಗಲಾರದ್ದರಿಂದ ಅದಕ್ಕೆ ಎರಡು ಬಾಯಿ. ಗವಿಯ ಅಂಚನ್ನು ಉಜ್ಜಿ, ಮಣಿಕಟ್ಟಿನ ಒಳಮೈ ಸವರಿ ನೋಡುತ್ತಾರೆ. ಅಲ್ಲಿ ಗೀರಿದರೆ ಮೀನಿಗೂ ಗೀರುತ್ತದೆ. ಕೊನೆಗೆ ಪ್ರತಿ ಕಲ್ಲಿನ ಮೇಲೂ ತಮ್ಮ ಮೈಭಾರ ಹಾಕಿ ಅಲುಗಿಸುತ್ತಾರೆ. ಕುಂಟಿದ ಕಲ್ಲು ಹೊರಗೆ ಬರಬೇಕು, ಅದರ ತಳವನ್ನು ಉಜ್ಜಿ ಸಮ ಮಾಡಬೇಕು.

ನಿನ್ನೆ ಕರಿಗಲ್ಲು ಕುಂಟಿತ್ತು. ಉಜ್ಜುವ ಯಂತ್ರ ಮನೆಯಲ್ಲಿ ಉಳಿದಿತ್ತು, ಹಾಲ್ ಒರೆಸುವವರು ಬಂದು ನಿಂತಿದ್ದರು. ಕಲ್ಲಕ್ಕನ ಕೈ ಒಂದು ಹಿಡಿ ಮರಳನ್ನು ಕಲ್ಲಿನ ಮೂಲೆಯಡಿ ಒತ್ತಿಬಿಟ್ಟಿತು.

"ನೆಲ ಹಾಸುವಾಗ ಹಂಗೇ ಮಾಡೋದು. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ಮಾಡ್ತು, ತಲೆಗೆ ಹೇಳ್ಲೇ ಇಲ್ಲ," ಎನ್ನುತ್ತಾ ಬರಿದಾದ ತೊಟ್ಟಿಯೊಳಗೆ ಟಾರ್ಚ್ ಬಿಡುತ್ತಾರೆ. ಮೀನು ಅಗೆದದ್ದು ಸರಿಯಾಗಿ ಆ ಮೂಲೆಯನ್ನೇ. "ಮನುಷ್ಯರ ಮನೇಲಿ ನೆಲದಡಿ ಯಾರೂ ಅಗೆಯಲ್ಲ ನೋಡು."

ಏಳೂವರೆಗೆ ಬಂದ ಆಸ್ಪತ್ರೆಯ ಮೇಲ್ವಿಚಾರಕರು ಒದ್ದೆ ನೆಲ ಕಂಡು ಹೌಹಾರುತ್ತಾರೆ. ಕಲ್ಲಕ್ಕನ ಕೆಲಸದಲ್ಲಿ ಅವರು ಈವರೆಗೆ ಕೊರತೆ ಕಂಡವರಲ್ಲ. "ಮೀನು ಉರುಳಿಸ್ತು ಅಂತ ದೊಡ್ಡ ಡಾಕ್ಟ್ರಿಗೆ ಹೇಳ್ತೀನಿ ಬಿಡಿ. ಅಷ್ಟು ಗಾತ್ರದ್ದು, ಯಾರಾದ್ರೂ ನಂಬ್ತಾರೆ."

ತಪ್ಪು ಒಪ್ಪಿಕೊಂಡರೆ ಈ ತೊಟ್ಟಿ ಕೈತಪ್ಪುತ್ತದೆ, ಸುದ್ದಿ ಉಳಿದ ಆರು ತೊಟ್ಟಿಯವರಿಗೂ ಮುಟ್ಟುತ್ತದೆ. ನಾದಿನಿ ಹಿಂದಿನಿಂದ ಸೆರಗು ಜಗ್ಗುತ್ತಾರೆ. ಕಲ್ಲಕ್ಕ ಸೆರಗು ಬಿಡಿಸಿಕೊಳ್ಳುತ್ತಾರೆ.

"ಬೇಡಿ ಸರ್. ಅಗೆಯೋದು ಅದರ ಕೆಲ್ಸ, ಮಾಡಿದೆ. ತಪ್ಪು ನಂದು. ಆ ಬೆಂಚಲ್ಲಿ ಜನ ಕೂತಿದ್ದಾಗ ಒಡೆದಿದ್ರೆ?" ಮೇಲ್ವಿಚಾರಕರು ಬೆಂಚನ್ನು ಇನ್ನೂ ದೂರ, ಆಚೆ ಗೋಡೆಯವರೆಗೆ ತಳ್ಳುತ್ತಾರೆ.

ಹನ್ನೆರಡು ದಿನ ಆಸ್ಪತ್ರೆಯಿಂದ ಫೋನ್ ಬರುವುದಿಲ್ಲ. ಕಲ್ಲಕ್ಕ ದಿನವೂ ಬೆಳಿಗ್ಗೆ ಹಿಂಬಾಗಿಲಿನಿಂದ ಬಂದು ಡ್ರಮ್ಮಿನ ನೀರು ಬದಲಾಯಿಸಿ, ಮೀನಿನ ಬೆನ್ನಿನ ಗಾಯ ನೋಡಿ ಹೋಗುತ್ತಾರೆ. ಅಂಗೈ ಬಾತುಕೊಂಡಿದೆ. ಹದಿಮೂರನೇ ದಿನ ಮೇಲ್ವಿಚಾರಕರೇ ಡ್ರಮ್ಮಿನ ಬಳಿ ಬಂದು ನಿಲ್ಲುತ್ತಾರೆ. "ಗಾಜು ಹಾಕಿಸಿದೀವಿ. ಬೇರೆಯವ್ರನ್ನ ಕೇಳ್ದೆ. ಪ್ಲಾಸ್ಟಿಕ್ ಕೋಟೆ ಇಡ್ತೀವಿ ಅಂದ್ರು, ಅಗೆದ್ರೆ ನಮ್ಮ ಜವಾಬ್ದಾರಿ ಅಲ್ಲ ಅಂದ್ರು. ನೀವೇ ಬನ್ನಿ. ಆದ್ರೆ ಬೆಂಚು ಆಚೆ ಗೋಡೆಗೇ ಇರಲಿ."

"ನಾನೂ ಅದನ್ನೇ ಹೇಳೋಳಿದ್ದೆ," ಎನ್ನುತ್ತಾರೆ ಕಲ್ಲಕ್ಕ.

ಅದೇ ಕರಿಗಲ್ಲಿನ ತಳ ಉಜ್ಜಲು ಎರಡು ದಿನ ಹಿಡಿಯುತ್ತದೆ. ಮೀನು ತೊಟ್ಟಿಗೆ ಮರಳಿದ ಮಾರನೆಯ ಬೆಳಿಗ್ಗೆ, ಮತ್ತೆ ಐದೂಮುಕ್ಕಾಲಿಗೆ, ಕಲ್ಲಕ್ಕ ಸ್ವಿಚ್ಚಿನ ಮೇಲೆ ಬೆರಳಿಟ್ಟು ಒಂದು ಗಳಿಗೆ ಒತ್ತದೆ ನಿಲ್ಲುತ್ತಾರೆ. "ನಾನ್ ಒತ್ಲಾ?" ಎಂದು ನಾದಿನಿ ಕೇಳಿದ ಮೇಲೆ ಬೆಳಕು ಬರುತ್ತದೆ.

ತೊಟ್ಟಿಯ ತಳ ಗುರುತು ಸಿಗದಂತಾಗಿದೆ. ಎಂಬತ್ತು ಕಿಲೋ ಮರಳೆಲ್ಲ ಎಡಕ್ಕೆ ರಾಶಿ ಬಿದ್ದಿದೆ. ಕಲ್ಲಿನ ಸುತ್ತ ರಬ್ಬರ್ ಹಾಸು ಬೆತ್ತಲೆಯಾಗಿ ಕಾಣುತ್ತಿದೆ. ಕಲ್ಲು ಮಾತ್ರ ಇಟ್ಟಲ್ಲೇ ನಿಂತಿದೆ. ಅದರ ಬುಡಕ್ಕೆ ಒರಗಿ, ಒಂದು ಮೀಸೆ ಕಡಿಮೆಯಾದ ಮೀನು ಮಲಗಿದೆ.

"ಎಲ್ಲ ಹಾಳು ಮಾಡಿಟ್ಟಿದೆ," ನಾದಿನಿ ಹಣೆ ಚಚ್ಚಿಕೊಳ್ಳುತ್ತಾರೆ.

ಕಲ್ಲಕ್ಕ ಗಾಯದ ಗುರುತಿರುವ ಅಂಗೈಯನ್ನು ಗಾಜಿಗೆ ಒತ್ತುತ್ತಾರೆ. "ಮಾಡ್ಲಿ ಬಿಡೇ. ಇನ್ನು ಎಷ್ಟು ಬೇಕಾದ್ರೂ ಅಗೀಲಿ."