ಪ್ರೊಜೆಕ್ಟರಿಗೆ ಇಟ್ಟ ಬೊಟ್ಟು

ನನಗೆ ಅನ್ನಕ್ಕಿಂತ ಮೊದಲು ಮಾತು ಬೇಕು. ಮುಳಬಾಗಿಲಿನ ನಮ್ಮ ಮನೆಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ಆ ಗಲಾಟೆಯಲ್ಲೇ ಬೆಳೆದವಳು ನಾನು. ಎರಡು ಸಾವಿರದ ಇಸವಿ ದಾಟಿದ ಮೇಲೆ ಟೇಕಲ್ ಕಡೆಯ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ವರ್ಗವಾಯಿತು. ಮಾಲೂರಿನಲ್ಲಿ ಒಂಟಿ ರೂಮು ಹಿಡಿದೆ. ಬೆಳಿಗ್ಗೆ ಹಾಲಿನವನಿಗೆ "ಅರ್ಧ ಲೀಟರು" ಅಂದರೆ ಮನೆಯ ಮಾತು ಮುಗಿಯಿತು. ಸ್ಟಾಫ್ ರೂಮಿನಲ್ಲಿ ಮೇಷ್ಟ್ರುಗಳು ತೆಲುಗಿನಲ್ಲಿ ಹರಟುತ್ತಿದ್ದರು. ತೆಲುಗು ನನಗೂ ಬರುತ್ತದೆ. ಆದರೆ ನಾನು ಕಾಲಿಟ್ಟೆನೆಂದರೆ ಸಾಕು, ಎಲ್ಲರಿಗೂ ಪೇಪರ್ ಓದುವ ಅವಸರ.

ಉಳಿದದ್ದು ತರಗತಿಯೊಂದೇ. ಅಲ್ಲಿ ಮಕ್ಕಳು ನನ್ನ ತಲೆ ತಿನ್ನುತ್ತಿದ್ದವು. "ಮೇಡಂ, ಮೀನಿಗೆ ಬಾಯಾರಿಕೆ ಆಗಲ್ವಾ?" "ಏನ್ಲಾ ನಿನ್ನ ತಲೆಹರಟೆ" ಎಂದು ಬಯ್ದು, ಖುಷಿಯಾಗಿ ಉತ್ತರ ಹೇಳುತ್ತಿದ್ದೆ. ಅದಕ್ಕೋಸ್ಕರವೇ ದಿನಾ ಬಸ್ಸು ಹತ್ತುತ್ತಿದ್ದೆ ಅಂದರೂ ಸುಳ್ಳಲ್ಲ.

ಆಮೇಲೆ ಶಾಲೆಗೆ ಕಂಪ್ಯೂಟರ್, ಪ್ರೊಜೆಕ್ಟರ್ ಬಂದವು. ಕೋಲಾರದ ತರಬೇತಿಗೆ ಬೇರೆ ಯಾರೂ ಒಪ್ಪದೆ ನನ್ನನ್ನು ಅಟ್ಟಿದರು. ಕಲಿತು ಬಂದು, ಭಾನುವಾರವೆಲ್ಲ ಮಾಲೂರಿನ ಸೈಬರ್ ಸೆಂಟರಿನಲ್ಲಿ ಕೂತು ಹೃದಯದ ಪಾಠಕ್ಕೆ ಸ್ಲೈಡ್ ಮಾಡಿದೆ. ಕಿಟಕಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದಾಯಿತು. ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು, ಕೈಕಟ್ಟಿ, ಗರ್ಭಗುಡಿಯ ಮುಂದೆ ಕೂತ ಹಾಗೆ ಕೂತವು. ಒಂದು ಪ್ರಶ್ನೆಯಿಲ್ಲ, ಒಂದು ತಂಟೆಯಿಲ್ಲ. ಏನಾದರೂ ಕೇಳ್ರೋ ಅಂದರೆ, "ಎಲ್ಲಾ ಅದ್ರಲ್ಲೇ ಐತಲ್ಲ ಮೇಡಂ" ಅಂದವು. ಹಾಳಾದ್ದು! ನನಗಿದ್ದ ಒಂದೇ ಜಾಗದಲ್ಲೂ ಮಾತು ನಿಂತುಹೋಯಿತು. ಬಿಟ್ಟುಬಿಡೋಣವೆಂದರೆ ಹೆಡ್‌ಮಾಸ್ಟರು, "ಅದೇನು ಧೂಳು ತಿನ್ನಕ್ಕೆ ತಂದಿರೋದಾ?" ಎಂದು ಗದರಿದರು. ತಿಂಗಳುಗಟ್ಟಲೆ ಕತ್ತಲಲ್ಲಿ ಒಬ್ಬಳೇ ಒದರಿದೆ.

ಆಯುಧಪೂಜೆ ಬಂತು. ಗಂಟೆ, ಪಂಪು, ಕಂಪ್ಯೂಟರು ಎಲ್ಲಕ್ಕೂ ಹೆಡ್‌ಮಾಸ್ಟರೇ ಗಂಧ ಕುಂಕುಮ ಇಟ್ಟರು. ಪ್ರೊಜೆಕ್ಟರಿಗೆ ಹಣೆ ಯಾವುದೆಂದು ಹುಡುಕಿ, ಮುಂದಿನ ದುಂಡು ಗಾಜೇ ಇರಬೇಕೆಂದುಕೊಂಡು ಅದರ ಮೇಲೆ ದಪ್ಪಗೆ ಬೊಟ್ಟಿಟ್ಟಿದ್ದರು. ರಜೆ ಮುಗಿದ ಮೇಲೆ ಹೃದಯದ ಪಾಠವನ್ನೇ ಮತ್ತೊಮ್ಮೆ ಹಾಕಿ ನೋಡಿದರೆ ತೆರೆಯ ನಡುವೆ ಕೆಂಪು ಮಸುಕು.

"ಮೇಡಂ, ಹೃದಯದಿಂದ ರಕ್ತ ಬರ್ತೈತೆ!" ಎಂದು ಹಿಂದಿನ ಬೆಂಚಿನ ಹುಡುಗ ಕೂಗಿದ.

"ಕಾದುರಾ, ಬೊಟ್ಟು ಅದಿ!" ಅಲ್ಲ ಕಣೋ, ಅದು ಬೊಟ್ಟು ಎಂದು ಪಕ್ಕದವನು ತೆಲುಗಿನಲ್ಲಿ ತಿದ್ದಿದ. ಕೋಣೆಯೆಲ್ಲ ನಗು. ನಿಜವಾದ ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಅವರವರಲ್ಲೇ ಜಗಳ ಶುರುವಾಯಿತು. ನನಗೆ ಹೋದ ಜೀವ ಬಂದಂತಾಯಿತು. ತಪ್ಪಿದ್ದರೆ ತಾನೇ ಇವರು ಬಾಯಿಬಿಡುವುದು? ಸರಿ, ಇನ್ನು ಸ್ಲೈಡ್ ಇವರೇ ಮಾಡಲಿ, ತಪ್ಪು ತಾನಾಗಿ ಬರುತ್ತದೆ ಅಂದುಕೊಂಡೆ.

ಗುಂಪು ಮಾಡಿದೆ. ಗುಂಪಿಗೊಂದು ಪಾಠ. ಮೊದಮೊದಲು ಮೌಸ್ ಹಿಡಿಯಲೂ ನನ್ನನ್ನೇ ಕರೆಯುತ್ತಿದ್ದವು. "ಮೇಡಂ, ಇಲ್ಲಿ ಬನ್ನಿ", "ಮೇಡಂ, ಇವಳು ನಂಗೆ ಬಿಡ್ತಿಲ್ಲ." ಅಯ್ಯೋ, ಅದೆಂಥ ಸುಖದ ದಿನಗಳು! ರೂಮಿಗೆ ಹೋದರೂ ಕಿವಿಯಲ್ಲಿ ಅದೇ ಗದ್ದಲ.

ಮಕ್ಕಳಲ್ಲವೇ, ಬೇಗ ಕಲಿತವು. ವರ್ಷದ ಕೊನೆಯ ಹೊತ್ತಿಗೆ ಒಂದು ಮಧ್ಯಾಹ್ನ ಕಂಪ್ಯೂಟರಿನ ಸುತ್ತ ತಲೆಗೆ ತಲೆ ತಾಗಿಸಿ ನಿಂತು, ಕೆರೆಯ ಬಗ್ಗೆ ಸ್ಲೈಡ್ ಮಾಡುತ್ತಿದ್ದವು. ಹೂಳು, ಕೊಕ್ಕರೆ, ಕೊಳವೆಬಾವಿ, ಎಲ್ಲದರ ಮೇಲೂ ವಾದ. ನಾನು ಬೆನ್ನ ಹಿಂದೆ ಹೋಗಿ ನಿಂತೆ. ಯಾರೂ ತಿರುಗಲಿಲ್ಲ.

"ಏನ್ರೇ, ನನ್ನೇನೂ ಕೇಳಲ್ವಾ?" ಅಂದೆ.

ಮೌಸ್ ಹಿಡಿದಿದ್ದ ಹುಡುಗಿ ತೆರೆಯಿಂದ ಕಣ್ಣು ಕೀಳದೆ, ಪ್ರೀತಿಯಿಂದಲೇ ಅಂದಳು: "ಬೇಡ ಮೇಡಂ, ನಮಗೆ ಬರ್ತೈತೆ. ನೀವು ಕೂತ್ಕೊಳ್ಳಿ."

ಟೀಚರಾದವಳಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ಬೇಕೇ? ಹೆಮ್ಮೆಯೇ ಆಯಿತು. ಹೋಗಿ ಕೂತೆ. ಗಂಟೆ ಹೊಡೆಯುವವರೆಗೆ ಕೋಣೆಯ ತುಂಬ ಮಾತು. ಅದರಲ್ಲಿ ಒಂದೂ ನನಗಾಗಿ ಇರಲಿಲ್ಲ.