ಅರಿವಳಿಕೆ ಮೇಡಂ ಮಾಸ್ಕನ್ನು ಚೀಲಕ್ಕೆ ಹಾಕಿಕೊಂಡ ದಿನ

ಡೈರಿಯಲ್ಲಿ ಮಾರ್ಚ್ ತಿಂಗಳ ಆ ಮಂಗಳವಾರದ ಪುಟದಲ್ಲಿ ನಾನು ಬರೆದಿರುವುದು ಒಂದೇ ಸಾಲು: "ಧ್ರುವ ಉಸಿರಾಡುತ್ತಿದ್ದಾನೆ." ದಿನಾ ಒಂದು ಪುಟ ತುಂಬಿಸುವವಳು ನಾನು. ಮಗ ಯಾವ ಹೊಸ ಮಾತು ಕಲಿತ, ಕರು ಎಷ್ಟು ಹೊತ್ತಿಗೆ ಎದ್ದು ನಿಂತಿತು, ಎಲ್ಲವೂ ಅದರಲ್ಲಿ ಇರುತ್ತದೆ. ಆ ದಿನ ಕೈ ಮುಂದಕ್ಕೆ ಓಡಲಿಲ್ಲ. ಈಗ ಎರಡು ತಿಂಗಳಾದ ಮೇಲೆ ಡಾಕ್ಟರ್ ರಂಜನಿಯವರ ಬಗ್ಗೆ ಬರೆಯಲು ಕೂತಿದ್ದೇನೆ. ಅವರು ಆಪರೇಷನ್ನಿಗೆ ಅರಿವಳಿಕೆ ಕೊಟ್ಟು ಮಲಗಿಸಿದವರಲ್ಲಿ ಮುಕ್ಕಾಲು ಜನಕ್ಕೆ ಅವರ ಮುಖ ನೆನಪಿರುವುದಿಲ್ಲ. ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ನಾನು ಆ ಮುಖ ನೋಡಿಕೊಂಡೇ ಸುಳ್ಳು ಹೇಳಿದ್ದೆ.

ನನ್ನ ಮಗ ಧ್ರುವನಿಗೆ ಮೂರು ವರ್ಷ. ಅತ್ತಾಗಲೆಲ್ಲ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬರುತ್ತಿತ್ತು. ಹರ್ನಿಯಾ, ಚಿಕ್ಕ ಆಪರೇಷನ್, ಸಂಜೆಗೇ ಮನೆಗೆ ಹೋಗಬಹುದು ಎಂದರು ಕೆ.ಆರ್.ಪೇಟೆಯ ನರ್ಸಿಂಗ್ ಹೋಮಿನ ಸರ್ಜನ್ ತಿಮ್ಮರಾಜು. ಅಕ್ಕಿಹೆಬ್ಬಾಳಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಅವರ ಮೇಲೆ ಭಾರೀ ನಂಬಿಕೆ. ನಮ್ಮ ಅತ್ತೆ ಬೆಟ್ಟಮ್ಮನ ಅಪೆಂಡಿಕ್ಸ್ ತೆಗೆದವರು ಅವರೇ. ಬಾಯಿ ತುಂಬ ಮಾತು, ತಮಾಷೆ. ನಾವು ತೋರಿಸಲು ಹೋದ ದಿನವೂ ಬೇರೆ ಡಾಕ್ಟರುಗಳನ್ನೆಲ್ಲ ಒಬ್ಬೊಬ್ಬರಾಗಿ ಮಾತಿಗೆ ಎಳೆದು ತಂದು ನಮ್ಮನ್ನು ನಗಿಸಿದರು.

"ಮೂಳೆ ಡಾಕ್ಟ್ರಿಗೆ ಒಂದು ಸುತ್ತಿಗೆ ಕೊಟ್ರೆ ಸಾಕು. ಚರ್ಮದ ಡಾಕ್ಟ್ರಿಗೆ ಭಾನುವಾರ ರಜ ಕೊಟ್ರೆ ಸಾಕು. ಅರಿವಳಿಕೆಯೋರಿಗೆ ಒಂದು ಕುರ್ಚಿ, ಒಂದು ಮೊಬೈಲು. ಕೆಲ್ಸ ಮಾಡೋರು ನಾವೊಬ್ರೇ ಕಣವ್ವಾ."

ಹೊರಡುವಾಗ ನರ್ಸ್ ಒಂದು ಚೀಟಿ ಕೊಟ್ಟರು: ಬೆಳಗಿನ ಜಾವದಿಂದ ಮಗುವಿಗೆ ಊಟ, ಹಾಲು ಏನೂ ಕೊಡಬಾರದು. ನಾನು ತಿರುಗಿ ಬಂದು ಕೇಳಿದೆ, "ಸಾರ್, ಇವ್ನು ಎದ್ದ ತಕ್ಷಣ ತಿನ್ನಕ್ಕೆ ಕೇಳ್ತಾನೆ. ಏನೂ ಕೊಡಂಗೇ ಇಲ್ವಾ?"

ತಿಮ್ಮರಾಜು ಜೋರಾಗಿ ನಕ್ಕರು. "ಅದು ಅರಿವಳಿಕೆ ಮೇಡಂ ಮಡಿ ಕಣಮ್ಮ. ಶ್ರೀರಂಗಪಟ್ಟಣದ ದೇವಸ್ಥಾನದೋರ ಮಗಳು, ಉಪವಾಸ ಇಲ್ದೆ ಪೂಜೆ ಶುರು ಮಾಡಲ್ಲ. ನಂದೇನೂ ಅಭ್ಯಂತರ ಇಲ್ಲಪ್ಪ!"

ನಾವೂ ನಕ್ಕೆವು. ಆ ನಗುವನ್ನು ನಾನು ಮನೆಗೆ ಕಟ್ಟಿಕೊಂಡು ಬಂದೆ.

ಮಂಗಳವಾರ ಧ್ರುವ ಆರು ಗಂಟೆಗೇ ಎದ್ದ. ಏಳರವರೆಗೆ ಹೇಗೋ ಕರುವಿನ ಹತ್ತಿರ ಆಡಿಸಿದೆ. ಆಮೇಲೆ ನೆಲಕ್ಕೆ ಬಿದ್ದು ಹೊರಳಾಡತೊಡಗಿದ. ಅತ್ತಷ್ಟೂ ಆ ಉಬ್ಬು ಗಟ್ಟಿಯಾಗುತ್ತಿತ್ತು. ಅತ್ತೆ ನೋಡಲಾರದೆ ಹೋದರು. "ಅಯ್ಯೋ, ಒಂದ್ ಬಟ್ಲು ಸರಿ ತಿನ್ಸವ್ವ. ಕೊಯ್ಯೋ ಡಾಕ್ಟ್ರೇ ಬ್ಯಾಡ ಅನ್ನದಿದ್ಮ್ಯಾಕೆ, ಸೂಜಿ ಚುಚ್ಚೋರ್ದೇನು ಅಂಗೆ?"

ನಾನು ಚೀಟಿ ನೋಡಿದೆ, ಮಗನನ್ನು ನೋಡಿದೆ. ಹಾಲು ಬೆಲ್ಲ ಹಾಕಿ ರಾಗಿ ಸರಿ ಮಾಡಿ ತಿನ್ನಿಸಿದೆ. ಆಗ ಗಂಟೆ ಏಳೂಕಾಲು. ತಿಂದು ನಕ್ಕ. ಮುಖ ತೊಳೆಸಿ, ಬೇರೆ ಅಂಗಿ ಹಾಕಿ, ಗಂಡನ ಬೈಕ್ ಹತ್ತಿದೆ; ಅವರು ನಮ್ಮನ್ನು ಆಸ್ಪತ್ರೆಯಲ್ಲಿ ಇಳಿಸಿ ಹೊರಟರು. ಅತ್ತೆ ಬಸ್ಸಿನಲ್ಲಿ ಬಂದು ಸೇರಿಕೊಂಡರು.

ಒಂಬತ್ತಕ್ಕೆ ರಂಜನಿ ಮೇಡಂ ಬಂದರು. ನಲವತ್ತರ ಆಸುಪಾಸಿನ ಸಣ್ಣ ಆಳು, ಹತ್ತಿ ಸೀರೆ, ಹೆಗಲಲ್ಲಿ ನೀಲಿ ಚೀಲ. ಅವರಿಗೆ ಇಂಥದೇ ಆಸ್ಪತ್ರೆ ಎಂದಿಲ್ಲ. ಪಾಂಡವಪುರ, ನಾಗಮಂಗಲ, ಕೆ.ಆರ್.ಪೇಟೆ, ಎಲ್ಲಿಂದ ಫೋನ್ ಬರುತ್ತದೋ ಅಲ್ಲಿಗೆ ಕಾರು ಓಡಿಸಿಕೊಂಡು ಹೋಗಿ, ಮಲಗಿಸಿ, ಎಬ್ಬಿಸಿ, ಮುಂದಿನ ಊರಿಗೆ ಹೊರಡುವವರು.

"ಮೇಡಂ ಬಂದ್ರು! ಎಲ್ರೂ ಮಡಿ ಉಟ್ಕೊಳ್ರಪ್ಪ," ಎಂದರು ಒಳಗಿನಿಂದ ತಿಮ್ಮರಾಜು.

"ಉಟ್ಕೊಳ್ಳಿ ಸಾರ್. ಕತ್ತರಿ ಹಿಡಿಯೋರಿಗೆ ತಲೆ ಕೆಲಸ ಹೇಗೂ ಕಮ್ಮಿ, ಬಟ್ಟೆಯಾದ್ರೂ ಶುದ್ಧವಾಗಿರ್ಲಿ," ಎಂದು ನಗದೆ ಹೇಳಿ ಮೇಡಂ ನಮ್ಮ ಹತ್ತಿರ ಬಂದರು.

ಅವರು ನನ್ನನ್ನು ಏನೂ ಕೇಳಲಿಲ್ಲ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಚೀಲದಿಂದ ಅಂಗೈಯಗಲದ ಒಂದು ಮಾಸ್ಕ್ ತೆಗೆದು ಧ್ರುವನ ಕೈಗೆ ಕೊಟ್ಟರು. ಅವನು ಅದನ್ನು ಮೂತಿಗೆ ಇಟ್ಟುಕೊಂಡು ಊದಿದ.

"ಜಾಣ. ಬೆಳಗ್ಗೆ ಅಮ್ಮ ಏನ್ ಕೊಟ್ರು ಪುಟ್ಟ?"

"ಸರಿ. ಬೆಲ್ಲ."

ನಾನು ನಡುವೆ ಬಾಯಿ ಹಾಕಿದೆ. "ಅವ್ನು ನಿನ್ನೇದು ಹೇಳ್ತಾವ್ನೆ ಮೇಡಂ. ಇವತ್ತು ಏನೂ ಕೊಟ್ಟಿಲ್ಲ."

ಮೇಡಂ ಅವನ ಗಲ್ಲ ಮೆಲ್ಲಗೆ ಎತ್ತಿದರು. ಕುತ್ತಿಗೆಯ ಮಡಿಕೆಯಲ್ಲಿ ನಾನು ತೊಳೆಯಲು ಮರೆತ ಒಂದು ಚೂರು ಒಣಗಿ ಅಂಟಿತ್ತು. ಬೆರಳಲ್ಲಿ ಉಜ್ಜಿ ನೋಡಿದರು. ನನ್ನನ್ನೂ ನೋಡಿದರು. "ನಿಜ ಹೇಳಿ. ಬೈಯಲ್ಲ."

"ಇವ್ನಾಣೆಗೂ ಕೊಟ್ಟಿಲ್ಲ," ಎಂದೆ. ಮಗನ ತಲೆಯ ಮೇಲೆ ಕೈಯಿಟ್ಟೇ ಹೇಳಿದೆ.

ಅವರು ಎದ್ದು ಮಾಸ್ಕನ್ನು ಚೀಲಕ್ಕೆ ಹಾಕಿಕೊಂಡರು. "ಸಾರ್, ಈ ಮಗು ಇವತ್ತು ಬೇಡ."

ತಿಮ್ಮರಾಜು ಆಪರೇಷನ್ನಿನ ಹಸಿರು ಬಟ್ಟೆಯಲ್ಲೇ ಹೊರಗೆ ಬಂದರು. "ಯಾಕ್ ಮೇಡಂ? ತಾಯಿನೇ ಕೊಟ್ಟಿಲ್ಲ ಅಂತಾವ್ರೆ."

"ಕುತ್ತಿಗೇಲಿ ರಾಗಿ ಇದೆ."

"ನಿಮಗೆ ಬೇಗ ಪಾಂಡವಪುರಕ್ಕೆ ಹೋಗ್ಬೇಕೇನೋ. ಹತ್ತು ನಿಮಿಷದ ಕೆಲ್ಸ ನಂದು. ಕೂತ್ಕೊಂಡು ಮೊಬೈಲ್ ನೋಡೋದಕ್ಕೂ ಇಷ್ಟು ಶಾಸ್ತ್ರವೇ? ನಾಳೆಯಿಂದ ಮಂಡ್ಯದೋರ್ನೇ ಕರುಸ್ಕೋತೀನಿ ಬಿಡಿ."

ಅತ್ತೆಯೂ ಸೇರಿಕೊಂಡರು. "ಕೆಲ್ಸ ಬರ್ದಿದ್ರೆ ಬರಲ್ಲ ಅನ್ನವ್ವ. ಮಗೀನ ಮ್ಯಾಲ್ಯಾಕೆ ಆಕ್ತೀಯ?"

 ಅಲ್ಲಿದ್ದ ಅಷ್ಟೂ ಜನರಲ್ಲಿ ಅವರು ಹೇಳುತ್ತಿರುವುದು ನಿಜ ಎಂದು ಗೊತ್ತಿದ್ದವರು ಅತ್ತೆ ಮತ್ತು ನಾನು. ಆದರೂ ಸುಮ್ಮನಿದ್ದೆ.

ದೊಡ್ಡವರ ದನಿ ಏರಿದ್ದಕ್ಕೆ ಧ್ರುವ ಹೆದರಿ ಅಳಲು ಶುರು ಮಾಡಿದ. ಅಳು ಕೆಮ್ಮಾಯಿತು. ಕೆಮ್ಮಿದವನು ನನ್ನ ಭುಜದ ಮೇಲೆ ವಾಂತಿ ಮಾಡಿಕೊಂಡ. ಒಂದು ಸಲ, ಮತ್ತೊಂದು ಸಲ. ಕಂದು ಬಣ್ಣದ, ಬೆಲ್ಲದ ವಾಸನೆಯ ಸರಿ. ನನ್ನ ಸೀರೆಯಿಂದ ನೆಲಕ್ಕೆ, ನೆಲದಿಂದ ತಿಮ್ಮರಾಜು ಅವರ ಚಪ್ಪಲಿಯವರೆಗೆ ಹರಿಯಿತು. ಇಷ್ಟು ಪುಟ್ಟ ಹೊಟ್ಟೆಯಲ್ಲಿ ಅಷ್ಟೊಂದಿತ್ತೇ?

 ಮೊದಲು ಅಲುಗಾಡಿದವರು ಮೇಡಂ. ಮಗುವನ್ನು ಇಸಿದುಕೊಂಡು ಪಕ್ಕಕ್ಕೆ ವಾಲಿಸಿ ಬಾಯಿ ಒರೆಸಿದರು.

"ಎಚ್ಚರ ಇದ್ದಾನೆ, ಅದಕ್ಕೇ ಕೆಮ್ಮಿ ಹೊರಗೆ ಹಾಕ್ದ," ಎಂದರು, ಪಾಠ ಹೇಳುವ ಹಾಗೆ ನಿಧಾನವಾಗಿ. "ನಾನು ಮಲಗಿಸಿಬಿಟ್ರೆ ಕೆಮ್ಮೋಕೆ ಬರಲ್ಲ. ಇದಿಷ್ಟೂ ಶ್ವಾಸಕೋಶಕ್ಕೆ ಇಳಿದುಬಿಡ್ತಿತ್ತು."

 ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಬೆಳಿಗ್ಗೆ ಸರಿಯ ಬಟ್ಟಲು ಹಿಡಿದಿದ್ದ ಕೈಯನ್ನೇ ನೋಡುತ್ತಿದ್ದೆ, ಅದು ಬೇರೆ ಯಾರದೋ ಕೈ ಎಂಬಂತೆ. ಆಮೇಲೆ ಬಾಯಿ ತೆರೆಯಿತು. "ನಾನೇ ತಿನ್ಸಿದ್ದು ಮೇಡಂ. ಏಳೂಕಾಲಿಗೆ. ಸಾರ್ ಅಭ್ಯಂತರ ಇಲ್ಲ ಅಂದಿದ್ರು... ನಿಮ್ಮ ಮಡಿ ಅಂದ್ಕೊಂಡೆ."

ತಿಮ್ಮರಾಜು ಅವರ ಮುಖದ ರಕ್ತ ಇಳಿದುಹೋಯಿತು. "ಅಯ್ಯೋ, ನಾನು ತಮಾಷೆಗೆ ಅಂದಿದ್ದು ಕಣಮ್ಮ," ಎಂದರು. ಮತ್ತೆ ಅದನ್ನೇ ಅಂದರು. ಆ ಮಾತು ನರ್ಸಿಗೂ ಕೇಳಿಸಿತು, ಬಾಗಿಲಲ್ಲಿ ನಿಂತಿದ್ದ ಬೇರೆ ರೋಗಿಗಳಿಗೂ ಕೇಳಿಸಿತು. ತಿಮ್ಮರಾಜು ಒಳಗೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ.

ಮೇಡಂ ಬೈಯುತ್ತಾರೆಂದು ಕಾದೆ. ಅವರು ನನ್ನ ಪಕ್ಕದ ಬೆಂಚಿನಲ್ಲಿ ಕೂತು, ಡಬ್ಬಿ ತೆಗೆದು, ತಣ್ಣಗಾದ ಚಿತ್ರಾನ್ನ ತಿನ್ನತೊಡಗಿದರು. ಒಂದೊಂದು ತುತ್ತಿಗೂ ನಿಂತು ಮಗುವಿನ ಉಸಿರು ನೋಡುತ್ತಿದ್ದರು. ಇವರಿಗೂ ಗಾಬರಿಯಾಗಿದೆ ಎಂದು ಆಗ ಹೊಳೆಯಿತು. ಧ್ರುವ ಅವರ ತೊಡೆಗೊರಗಿ ನಿದ್ದೆ ಹೋಗಿದ್ದ.

"ನಂದೂ ತಪ್ಪಿದೆ ಸ್ನೇಹ," ಎಂದರು, ಕೇಸಿನ ಹಾಳೆಯಲ್ಲಿ ನನ್ನ ಹೆಸರು ಓದಿದ್ದರೇನೋ. "ನಿಮಗೆ ನಾನೇ ಫೋನ್ ಮಾಡ್ಬೇಕಿತ್ತು. ಸರ್ಜನ್‌ಗಳಿಗೆ ಹೇಳಿ ಪ್ರಯೋಜನ ಇಲ್ಲ, ಅವರು ಕೇಳೋ ಜಾತಿಯಲ್ಲ ಅಂತ ತೀರ್ಮಾನ ಮಾಡಿ ಚೀಟಿ ಬರೆಸಿ ಕೈ ತೊಳ್ಕೊಂಡೆ. ಅವರು ನನ್ನ ಆಡ್ಕೋತಾರೆ, ನಾನು ಅವರನ್ನ."

ಅಂದು ಅರ್ಧ ಗಂಟೆ ಮಾತಾಡಿದರು. ತಂದೆ ನಂಜುಂಡಯ್ಯ ಶ್ರೀರಂಗಪಟ್ಟಣದಲ್ಲಿ ಅರ್ಚಕರು. ಮಗಳು ಡಾಕ್ಟರಾದಾಗ ಬೀದಿಯವರೆಲ್ಲ ಸಂಭ್ರಮಪಟ್ಟರಂತೆ. ಯಾವ ಡಾಕ್ಟರೆಂದು ಗೊತ್ತಾದ ಮೇಲೆ "ಓ, ಇಂಜೆಕ್ಷನ್ ಕೊಡೋರಾ?" ಎಂದರಂತೆ. ತಾಯಿ ಸರೋಜ ಈಗಲೂ ಮದುವೆಮನೆಗಳಲ್ಲಿ "ಆಪರೇಷನ್ ಡಾಕ್ಟ್ರು" ಎಂದೇ ಹೇಳುತ್ತಾರಂತೆ. ಹದಿನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಜನರನ್ನು ಮಲಗಿಸಿದ್ದಾರೋ, ಹುಡುಕಿಕೊಂಡು ಬಂದು ಮಾತಾಡಿಸಿದವರು ಇಬ್ಬರಂತೆ. "ಕುರ್ಚಿ ಮೇಲೆ ಕೂತಿರ್ತೀನಿ, ನಿಜ. ಆದ್ರೆ ಕಣ್ಣು ಉಸಿರಿನ ಮೇಲೇ ಇರುತ್ತೆ," ಎಂದು ಡಬ್ಬಿ ಮುಚ್ಚಿದರು.

ಅವತ್ತೇ ಮಾಡುವಂತಿರಲಿಲ್ಲ, ಗುರುವಾರಕ್ಕೆ ಹಾಕಿದರು. ಮಂಡ್ಯದವರನ್ನು ಕರೆಸುವ ಮಾತನ್ನು ತಿಮ್ಮರಾಜು ಮತ್ತೆ ಎತ್ತಲಿಲ್ಲ. ಗುರುವಾರ ಬೆಳಿಗ್ಗೆ ಏಳಕ್ಕೆ ನನ್ನ ಫೋನ್ ರಿಂಗಾಯಿತು.

"ಏನಾದ್ರೂ ಕೊಟ್ರಾ?"

"ಆರು ಗಂಟೆಗೆ ಎರಡು ಗುಟುಕು ನೀರು ಕೊಟ್ಟೆ ಮೇಡಂ. ಬೇರೇನೂ ಇಲ್ಲ."

"ನೀರು ಪರವಾಗಿಲ್ಲ. ಹೇಳಿದ್ರಲ್ಲ, ಅಷ್ಟು ಸಾಕು. ಹೊರಡಿ."

ಧ್ರುವ ತನ್ನ ಕೈಯಾರೆ ಮಾಸ್ಕ್ ಹಿಡಿದು ಒಳಗೆ ಹೋದ. ನಲವತ್ತು ನಿಮಿಷ ನಾನು ಬಾಗಿಲನ್ನೇ ನೋಡುತ್ತಿದ್ದೆ.  ಅವನನ್ನು ಎತ್ತಿಕೊಂಡು ಹೊರಬಂದವರು ಮೇಡಂ. ಆಗ ಅತ್ತೆ ಅವರ ಕೈ ಹಿಡಿದುಕೊಂಡು, "ಅವತ್ತು ಅಂದ್ಬುಟ್ಟೆ ಕಣವ್ವ, ಮನ್ಸಿಗೆ ಆಕ್ಕೋಬ್ಯಾಡ," ಎಂದರು. ಮೇಡಂ ಪಾಂಡವಪುರಕ್ಕೆ ಹೊತ್ತಾಯಿತೆಂದು ನಕ್ಕು ಹೊರಟರು.

ಸಂಜೆ ಮನೆಗೆ ಕಳಿಸುವಾಗ ತಿಮ್ಮರಾಜು ಧ್ರುವನ ಹಳೆಯ ಚೀಟಿಗಳನ್ನು ತಿರುವಿ ಹಾಕಿದರು. ಮಾತು ಮತ್ತೆ ಹಳೆಯ ದಾರಿಗೆ ಬಂದಿತ್ತು. "ಏನಮ್ಮ, ನಿಮ್ಮ ಮಕ್ಕಳ ಡಾಕ್ಟ್ರು ಮೂರು ಮೂರು ಟಾನಿಕ್ ಬರ್ದವ್ರೆ! ಟಾನಿಕ್ ಬರೀದಿದ್ರೆ ಅವರಿಗೆ ಊಟ ಸೇರಲ್ಲ. ಮಗೀಗೆ ಕುಡ್ಸೋ ಬದ್ಲು ಗಿಡಕ್ಕೆ ಉಯ್ಯಿ."

ನರ್ಸ್ ನಕ್ಕರು. ನಾನು ಚೀಲದಿಂದ ಡೈರಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದೆ.

"ಸಾರ್, ಬರ್ಕೋತೀನಿ. ಇದು ತಮಾಷೆಯಾ, ಇಲ್ಲಾ ನಿಜವಾಗ್ಲೂ ನಿಲ್ಲುಸ್ಬೇಕಾ?"

ಅವರ ನಗು ಅರ್ಧಕ್ಕೇ ನಿಂತಿತು. ನನ್ನ ಪೆನ್ನನ್ನು ನೋಡಿದರು, ನನ್ನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದ ಧ್ರುವನನ್ನು ನೋಡಿದರು.

"ಕೊಡಮ್ಮ," ಎಂದರು ಮೆಲ್ಲಗೆ. "ಅವರು ಬರ್ದಂಗೇ ಕೊಡು."